ಕರಿಯ ಜಾರಿದ ಮೇಲೆ ಮನೆ ರಿಪೇರಿ

ಸಾಗರದ ನಮ್ಮ ಬಡಾವಣೆಯಲ್ಲಿ ಹೋದ ವರ್ಷ ಒಂದು ಗಂಭೀರ ಅಪಘಾತ ಸಂಭವಿಸಿತು. ಬೆಳಿಗ್ಗೆ ಎಂಟೂವರೆಗೆ ಕಾವಲಿಯ ಮೇಲೆ ದೋಸೆ ಹುಯ್ದ ಸದ್ದು ಕೇಳಿ ಹಾಲ್‌ನಿಂದ ಅಡುಗೆಮನೆಯತ್ತ ಅತಿವೇಗದಲ್ಲಿ ಹೊರಟ ನಮ್ಮ ನಾಯಿ ಕರಿಯ, ತಿರುವಿನಲ್ಲಿ ನಿಯಂತ್ರಣ ತಪ್ಪಿ, ಹೊಳೆಯುವ ಟೈಲ್ಸ್ ಮೇಲೆ ಜಾರುತ್ತಾ ದೇವರ ಕೋಣೆಯೊಳಗೆ ಹೋಗಿ ನಿಂತ. ಪ್ರಾಣಹಾನಿ ಇಲ್ಲ. ಗಂಟೆಯೊಂದು ಉರುಳಿತು.

ಕರಿಯನಿಗೆ ಹನ್ನೊಂದು ವರ್ಷ. ಬಣ್ಣ ಕಂದು, ಹೆಸರಿಡುವಾಗ ಮರಿ ಕೆಸರಿನಲ್ಲಿತ್ತು. ಪಶುವೈದ್ಯರು ಹಿಂಗಾಲು ಒತ್ತಿ ನೋಡಿ, “ಇನ್ನೊಂದ್ಸಲ ಹಿಂಗೆ ಜಾರಿದ್ರೆ ಈ ಕಾಲು ಹೋಯ್ತು ಅಂತ್ಲೇ ತಿಳ್ಕೊಳ್ಳಿ. ಇವನ ವಯಸ್ಸು ಬದಲಾಯ್ಸೋಕಾಗಲ್ಲ, ನಿಮ್ಮ ಮನೆ ಬದಲಾಯ್ಸಿ” ಅಂದರು.

ಹೆಂಡತಿ ಒಂದೇ ಷರತ್ತು ಹಾಕಿದಳು: “ಮಾಡ್ಸಿ. ಆದ್ರೆ ತೀರ್ಥಹಳ್ಳಿಯಿಂದ ಅಕ್ಕ ಬಂದಾಗ ಇದು ಕೊಟ್ಟಿಗೆ ಥರ ಕಾಣ್ಬಾರ್ದು.”

ಮನೆ ಕೆಲಸದ ವಿಷಯದಲ್ಲಿ ನನಗೆ ಮೊದಲಿನಿಂದಲೂ ಆತ್ಮವಿಶ್ವಾಸ ಜಾಸ್ತಿ. ಒಪ್ಪಿಕೊಂಡೆ. ನಾಯಿಗಾಗಿ ಮನೆಗೆ ಕೈ ಹಾಕಿದವರಿಗೆ ಮುಂದೆ ಹೇಳುವಂಥವು ಆಗುತ್ತಲೇ ಇರುತ್ತವೆ ಎಂದು ಆಮೇಲೆ ತಿಳಿಯಿತು.

ನೆಲ

ಟೈಲ್ಸ್ ಅಂಗಡಿಗೆ ಕರಿಯನನ್ನೇ ಕರೆದುಕೊಂಡು ಹೋದೆ. ನಡೆಯುವವನೇ ಆರಿಸಲಿ ಎಂಬುದು ನನ್ನ ವಾದ. ಅಂಗಡಿಯವರು ಬಹಳ ಉತ್ಸಾಹದಿಂದ, “ಒಳಗೆ ಕರ್ಕೊಂಡ್ ಬನ್ನಿ ಸಾರ್, ಜಾರದೇ ಇರೋ ಟೈಲ್ಸ್ ಹತ್ತು ಥರ ಇದೆ” ಅಂದರು. ಅವರ ಅಂಗಡಿಯ ನೆಲ ಮಾತ್ರ ಕನ್ನಡಿಯಂತಿತ್ತು. ಕರಿಯ ಹೊಸ್ತಿಲಲ್ಲೇ ನಿಂತು ಒಳಗೊಮ್ಮೆ ನೋಡಿದ. ಹಿಂದಕ್ಕೆ ಬಂದು ಹೊರಗಿನ ಒರಟು ಫುಟ್‌ಪಾತಿನ ಮೇಲೆ ಕೂತ. ಬಿಸ್ಕತ್ತು ತೋರಿಸಿದರೂ ಏಳಲಿಲ್ಲ.

ಅಂಗಡಿಯವರು ಹೊರಗೆ ಬಂದು ಫುಟ್‌ಪಾತ್ ನೋಡಿ ಹೇಳಿದರು: “ಅವನು ಆರಿಸಿ ಆಗಿದೆ ಸಾರ್. ಆದ್ರೆ ಅದು ಪುರಸಭೆಯ ಮಾಲು.”

ಕೊನೆಗೆ ಫುಟ್‌ಪಾತಿಗೆ ಹತ್ತಿರದ ಸಂಬಂಧಿಯಂತಿದ್ದ, ಹೊಳಪಿಲ್ಲದ ಬೂದು ಬಣ್ಣದ ಟೈಲ್ಸ್ ತಂದು ಹಾಕಿಸಿದೆ.

ಸೋಫಾ

ಕರಿಯನ ಕೂದಲು ವರ್ಷವಿಡೀ ಉದುರುತ್ತದೆ. ಉದುರುವುದನ್ನು ತಡೆಯಲಾಗದು, ಕಾಣುವುದನ್ನು ತಡೆಯಬಹುದು ಎಂಬುದು ಹೆಂಡತಿಯ ಲೆಕ್ಕಾಚಾರ. ಸೀರೆಗೆ ಬ್ಲೌಸ್ ಪೀಸ್ ಹೊಂದಿಸುವವಳಿಗೆ ಇದೇನು ದೊಡ್ಡದು? ಕರಿಯನ ಮೈ ಬಾಚಿ, ಒಂದು ಹಿಡಿ ಕೂದಲನ್ನು ಕಾಗದದಲ್ಲಿ ಸುತ್ತಿಕೊಂಡು ಸೋಫಾದ ಹೊದಿಕೆಗೆಂದು ಬಟ್ಟೆ ಅಂಗಡಿಗೆ ಹೊರಟಳು.

“ಇದಕ್ಕೆ ಮ್ಯಾಚಿಂಗ್ ಕೊಡಿ.”

ಅಂಗಡಿಯ ಹಿರಿಯರು ಪೊಟ್ಟಣ ಬಿಚ್ಚಿ, ಬಾಗಿಲಿನ ಬೆಳಕಿಗೆ ಹಿಡಿದು, ಥಾನಿನ ಮೇಲೆ ಥಾನು ಇಳಿಸಿ ಹೋಲಿಸಿದರು. ಬಣ್ಣ ಎಳೆಯಷ್ಟೂ ತಪ್ಪದೆ ಹೊಂದಿತು. ಬಟ್ಟೆ ಕತ್ತರಿಸುತ್ತಾ, ಪೊಟ್ಟಣದಲ್ಲಿದ್ದುದನ್ನು ಇನ್ನೊಮ್ಮೆ ಬೆರಳಲ್ಲಿ ಉಜ್ಜಿ ನೋಡಿ ಕೇಳಿದರು:

“ಒಳ್ಳೆ ಉಣ್ಣೆ. ಇದನ್ನ ಯಾವ ಅಂಗಡೀಲಿ ತಗೊಂಡ್ರಿ ತಾಯಿ?”

ಬಾಗಿಲು

ಹಿತ್ತಿಲ ಬಾಗಿಲ ಕೆಳಭಾಗದಲ್ಲಿ ಕರಿಯ ತಾನೇ ಬಂದು ಹೋಗುವಂತೆ ಸಣ್ಣ ಬಾಗಿಲು ಬೇಕಿತ್ತು. ಹೊಸನಗರ ಕಡೆಯ ಬಡಗಿ ಆಚಾರ್ರು ಬಂದರು. ಅವರು ಆಯ ನೋಡದೆ ಉಳಿ ಮುಟ್ಟುವವರಲ್ಲ. ಅಳತೆಯನ್ನು ಎಂಟರಿಂದ ಭಾಗಿಸಿ ಉಳಿದದ್ದು ಆಯ. ನಾಲ್ಕು ಉಳಿದರೆ ಶ್ವಾನಾಯ, ಅದು ಮನೆಗೆ ಕೂಡದು.

ಈಗ ಅವರು ಟೇಪು ಹಿಡಿದು ಮಂಕಾಗಿ ಕೂತಿದ್ದರು. “ಮೂವತ್ತು ವರ್ಷ ಶ್ವಾನಾಯ ತಪ್ಪಿಸಿದ್ದೇ ನನ್ನ ಕಸುಬು ಮಾರಾಯ್ರೆ. ಆದ್ರೆ ನಾಯಿ ಬಾಗಿಲಿಗೆ ಅದಲ್ದೆ ಬೇರೆ ಎಂತ ಇಡೋದು?”

“ಸುಮ್ನೆ ಕರಿಯನ್ನ ಅಳೆದು ಮಾಡಿದ್ರೆ ಆಗಲ್ವಾ ಆಚಾರ್ರೆ?”

“ಮನುಷ್ಯರನ್ನ ಅಳೆದು ಬಾಗಿಲು ಇಡ್ತಾರಾ?”

ಆಚಾರ್ರು ಲೆಕ್ಕಕ್ಕೆ ಕೂತರು. ಎರಡು ದಿನ ಗುಣಿಸಿ, ಭಾಗಿಸಿ, ಜೀವನದಲ್ಲಿ ಮೊದಲ ಬಾರಿಗೆ ಬೇಕೆಂದೇ ಶ್ವಾನಾಯ ತಂದು, ಹಲಸಿನ ಹಲಗೆಯಲ್ಲಿ ಸೊಗಸಾದ ಬಾಗಿಲು ಕೂರಿಸಿದರು. ಕರಿಯನ ತಲೆ ಹೋಯಿತು. ಭುಜ ಹೋಗಲಿಲ್ಲ.

ಆಚಾರ್ರು ಸುತ್ತ ನಡೆದು ಎರಡೂ ಕಡೆಯಿಂದ ಪರೀಕ್ಷಿಸಿದರು. “ಬಾಗಿಲಲ್ಲಿ ದೋಷ ಇಲ್ಲ. ನಾಯಿ ಅಳತೆ ತಪ್ಪಿದೆ.”

ಅದೇ ಮಧ್ಯಾಹ್ನ ಪಕ್ಕದ ಮನೆಯ ಬೆಕ್ಕು ಆ ಬಾಗಿಲಿನಿಂದ ಒಳಗೆ ಬಂತು. ಇನ್ನೂ ಹೋಗಿಲ್ಲ.

ದಾರಿ

ಮುಂಬಾಗಿಲಿಗೆ ನಾಲ್ಕು ಮೆಟ್ಟಿಲು. ಕರಿಯನಿಗಾಗಿ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ಮಾಡಿಸಿದೆ. ಕಾಲಿಗೆ ಹಿಡಿತ ಸಿಗಲು ಗೆರೆ ಎಳೆಯಬೇಕು ಎಂದು ಮೇಸ್ತ್ರಿ ಅಂದಾಗ ಹೆಂಡತಿಗೆ ಕೊಟ್ಟಿಗೆ ನೆನಪಾಯಿತು. ತಾನೇ ಕಡ್ಡಿ ಹಿಡಿದು, ಹಸಿ ಸಿಮೆಂಟಿನ ಮೇಲೆ ಹಸೆ ಚಿತ್ತಾರ ಬರೆದಳು, ಮದುವೆ ಮನೆಯ ಗೋಡೆಗೆ ಬರೆಯುತ್ತಾರಲ್ಲ, ಹಾಗೆ.

ತೀರ್ಥಹಳ್ಳಿಯ ಅಕ್ಕ ಬಂದರು. ಚಿತ್ತಾರ ನೋಡಿ ಗೇಟಿನಲ್ಲೇ ನಿಂತರು. “ಚಂದ ಉಂಟಲ್ಲೇ! ಇದು ಯಾರಿಗೆ?”

“ಕರಿಯನಿಗೆ ಅಕ್ಕಾ. ಮೆಟ್ಟಿಲು ಹತ್ತೋಕಾಗಲ್ಲ ಅದಕ್ಕೆ.”

“ನಾಯಿಗೆ ಹಸೆ ಬರ್ದಿದೀಯಾ? ಮದುವೆ ಯಾವಾಗ?”

ಹೆಂಡತಿಯ ಮುಖ ಸಣ್ಣದಾಯಿತು. ಅಕ್ಕ ನಾಯಿಯ ದಾರಿಯತ್ತ ಮತ್ತೆ ನೋಡದೆ, ನೋಯುವ ಮಂಡಿ ಹಿಡಿದುಕೊಂಡು, ಎರಡು ಕಡೆ ನಿಂತು ಸುಧಾರಿಸಿಕೊಂಡು ನಾಲ್ಕು ಮೆಟ್ಟಿಲು ಹತ್ತಿದರು.

ಮಾರನೆಯ ಬೆಳಿಗ್ಗೆ ಅಕ್ಕ ಪೂಜೆಗೆ ಹೂ ಕೊಯ್ಯಲು ಇಳಿದಿದ್ದರು. ನಾವು ಕಿಟಕಿಯಲ್ಲಿದ್ದೆವು. ಹೂಬುಟ್ಟಿ ಹಿಡಿದು ವಾಪಸು ಬಂದವರು ಮೆಟ್ಟಿಲು ನೋಡಿದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಇಳಿಜಾರು ಹತ್ತತೊಡಗಿದರು. ಕರಿಯ ಹಿಂದೆಯೇ ಇದ್ದ. ದಾರಿಯ ಅಗಲವೆಲ್ಲ ಅಕ್ಕನದೇ ಆಗಿದ್ದರಿಂದ ಕೆಳಗೆ ಕೂತು ಕಾದ.

ಮೇಲೆ ತಲುಪಿ ತಿರುಗಿದ ಅಕ್ಕ ಅವನನ್ನು ಗದರಿದರು: “ಎಂತ ನೋಡ್ತೀಯ? ಬಾ!”

ಅಷ್ಟರಲ್ಲಿ ಕಿಟಕಿಯಲ್ಲಿ ನಾವಿಬ್ಬರೂ ಕಂಡೆವು. ಅಕ್ಕ ಹೂಬುಟ್ಟಿ ಸರಿಮಾಡಿಕೊಂಡರು. “ಪಾಪದ ನಾಯಿ. ಗಟ್ಟಿ ಇದೆಯಾ ಅಂತ ಹತ್ತಿ ನೋಡ್ದೆ.”

ಅವರು ನಾಲ್ಕು ದಿನ ಇದ್ದರು. ದಿನಕ್ಕೆ ಏಳೆಂಟು ಬಾರಿ ಗಟ್ಟಿ ಇದೆಯೇ ಎಂದು ಹತ್ತಿ ನೋಡಿದರು. ಹೊರಡುವ ದಿನ ಬೆಳಿಗ್ಗೆ ದೋಸೆಯ ಸದ್ದಾಯಿತು. ಕರಿಯ ಓಡಿದ, ತಿರುವಿನಲ್ಲಿ ತಿರುಗಿದ, ಅಡುಗೆಮನೆಯ ಬಾಗಿಲಲ್ಲಿ ನಿಂತ. ಹೆಂಡತಿ ಉಸಿರು ಬಿಟ್ಟಳು. ಮೊದಲ ದೋಸೆ ಅವನಿಗೇ ಹೋಯಿತು.

ಅಂದಿನಿಂದ ಇಂದಿನವರೆಗೆ ಕರಿಯ ಜಾರಿಲ್ಲ. ತೀರ್ಥಹಳ್ಳಿಯ ಅಕ್ಕನ ಮನೆಯ ಮುಂದೆಯೂ ಈಗ ಚಿತ್ತಾರದ ಇಳಿಜಾರು ಇದೆ. ಆ ಮನೆಯಲ್ಲಿ ನಾಯಿ ಇಲ್ಲ.