ಮಾಮಾನ ನಾಕ ಹನಿ ಎಣ್ಣಿ

ನಮ್ಮ ಮಾಮಾಗ ಇಬ್ಬರು ಹೆಂಡ್ರು ಅಂತ ಜಕ್ಕಲಿ ತುಂಬ ಸುದ್ದಿ. ಸುಳ್ಳಲ್ರಿ, ಖರೇನ! ಒಬ್ಬಾಕಿ ನಮ್ಮ ಅತ್ತಿ. ಇನ್ನೊಬ್ಬಾಕಿ ಪೆಟ್ರೋಲಿಲೆ ಚಾಲೂ ಆಗಿ ಸೀಮಿಎಣ್ಣಿಲೆ ಓಡೋ ಮುದಿ ಟ್ರ್ಯಾಕ್ಟರ್. ಅತ್ತಿಗೆ "ಏ, ಚಾ ತಾ" ಅನ್ನಾಂವ, ಟ್ರ್ಯಾಕ್ಟರಿಗೆ ಮಾತ್ರ "ಏಳ್ರಿ ತಾಯಿ, ಹೊತ್ತಾತು" ಅಂತಿದ್ದ. ಇದೇನ್ ನ್ಯಾಯ ಅಂತ ಅತ್ತಿ ಕೇಳಿದ್ರ, "ಆಕಿ ಸಿಟ್ಟಾದ್ರ ಚಾಲೂನ ಆಗಂಗಿಲ್ಲ, ನೀ ಸಿಟ್ಟಾದ್ರ ಬಂದ್ ಆಗಂಗಿಲ್ಲ" ಅಂದ!

ಸವಡಿಗೆ ನನಗ ಹೆಣ್ಣು ನೋಡಾಕ ಹೋದಾಗಂತೂ ಮಾನ ಹೋಗೂದೊಂದು ಬಾಕಿ. ಉಪ್ಪಿಟ್ಟಿನ ತಾಟು ಬಂತು, ಹಿರ್ಯಾ ಅಂತ ಬಂದ ಮಾಮಾನ ಇಲ್ಲ! ಓಣ್ಯಾಗ ಯಾರದೋ ಇಂಜಿನ್ ಕೆಮ್ಮೂದು ಕೇಳಿ ಎದ್ದು ಹೋಗಿದ್ದ. ಮೊಣಕೈತನಕ ಮಸಿ ಬಳಕೊಂಡು ಬಂದು ಕುಂತ. ಬೀಗರು "ಹುಡುಗನ ಸ್ವಭಾವ ಹ್ಯಾಂಗ್ರಿ?" ಅಂದ್ರು. "ಟೈಮಿಂಗ್ ತಪ್ಪಿತ್ರಿ, ಈಗ ಚಲೋ ಓಡತೈತಿ" ಅಂದ. ಹುಡುಗಿ ನಕ್ಕಳು, ಲಗ್ನ ಆತು. ಇನ್ನ ಮಾಮಾಗ ಬೈಯೂದಾದ್ರೂ ಹ್ಯಾಂಗ?

ಆ ಟ್ರ್ಯಾಕ್ಟರಿನ್ಯಾಗ ಡಿಸ್ಟ್ರಿಬ್ಯೂಟರ್ ಅಂತ ಒಂದು ಕರೇ ಡಬ್ಬಿ. ನಾಕೂ ಪ್ಲಗ್ಗಿಗೆ ಸರತಿಲೆ ಕಿಡಿ ಹಂಚೂದು ಅದರ ಕೆಲಸ. ಮುಚ್ಚಳ ತಗದು, ನಡುವಿನ ದಂಡದ ನೆತ್ತಿಗೆ ನಾಕ ಹನಿ ಎಣ್ಣಿ ಬಿಡಬೇಕು. ಹೆಚ್ಚಾದ್ರ ಕಿಡಿ ಹುಟ್ಟಸೋ ಪಾಯಿಂಟಿಗೆ ಇಳದು ಕಿಡಿ ಸಾಯ್ತೈತಿ. ಕಾರಹುಣ್ಣಿಮಿಗೆ ಊರವರು ಎತ್ತಿಗೆ ಬಿದಿರಿನ ಗೊಟ್ಟದ್ಲೆ ಎಣ್ಣಿ ಕುಡಿಸಿದ್ರ, ನಮ್ಮ ಮಾಮಾ ಕೋಳಿ ಪುಕ್ಕ ಎಣ್ಯಾಗ ಅದ್ದಿ ಈ ಡಬ್ಬಿಗೆ ಕುಡಸ್ತಿದ್ದ. "ಯಾರೂ ಉಸರು ಬಿಡಬ್ಯಾಡ್ರಿ!" ಅಂತ ಗದರಸಾಂವ. ನಾವೆಲ್ಲಾ ಮೂಗು ಹಿಡಕೊಂಡು ನಿಲ್ಲಬೇಕು!

ಎರಡು ಸಾವಿರದ ಐದೋ ಆರೋ ಇರಬೇಕು. ಕಾರಹುಣ್ಣಿಮಿ ಮುಗದು ಎರಡ ದಿನಕ್ಕ ಮಳಿ ಆತು, ಹೆಸರು ಬಿತ್ತಾಕ ಹದ ಬಂತು. ನಾ ನರಗುಂದದಿಂದ ರಜಾ ಹಾಕಿ ಬಂದೆ. ಕಾಲ ನೋವಂತ ಹೇಳಿ ಮಾಮಾ ಹೋದ ವರ್ಷದಿಂದ ಸ್ಟೇರಿಂಗ್ ನನಗ ಬಿಟ್ಟಿದ್ದ. ಹ್ಯಾಂಡಲ್ ಹೊಡದೆ, ಹೊಡದೆ, ರಟ್ಟಿ ಬಿದ್ದು ಹೋದ್ವು. ತಾಯಿ ಏಳವಲ್ಲಳು!

ಅತ್ತಿ ಸೊಂಟಕ್ಕ ಕೈ ಕೊಟ್ಟು ನಿಂತಳು. "ಇವತ್ತು ಸಂಜಿಗೆ ಚಾಲೂ ಆಗಲಿಲ್ಲಂದ್ರ ಗಜೇಂದ್ರಗಡದ ಗುಜರಿಯವಗ ಫೋನ್ ಹಚ್ಚಾಕಿನ!"

ಮಾಮಾನ ಮುಖ ಸಣ್ಣದಾತು.

ರೋಣದಿಂದ ಮಿಸ್ತ್ರಿ ಬಂದ. ಮಾಮಾನ ಹಳೇ ದೋಸ್ತನ ಮಗ. ಡಬ್ಬಿ ಮುಚ್ಚಳ ಎತ್ತಿದಾಂವ ಹಂಗ ನಿಂತ. "ಇದೇನ್ರಿ ಕಾಕಾ, ಬಜಿ ಕರಿಯಾಕ ಎಣ್ಣಿ ಇಟ್ಟೀರೇನು?"

ನಾ ಹೊಟ್ಟಿ ಹಿಡಕೊಂಡು ನಕ್ಕೆ. ಮಾಮಾ ನಗಲಿಲ್ಲ. ಕಟ್ಟಿ ಮ್ಯಾಲ ಕುಂತು ಮೆಲ್ಲಕ ಅಂದ, "ಹನಿ ಕಾಣಂಗಿಲ್ಲೋ ತಮ್ಮಾ. ಒಂದು ವರ್ಷಾತು. ಬೆರಳಲೆ ಮುಟ್ಟಿ ಮುಟ್ಟಿ ಹಾಕೀನಿ."

ನಾ ಹೋಗಿ ಅವನ ಬಾಜೂಕ ಕುಂತೆ. "ಹೇಳಾಕ ಏನಾಗಿತ್ತು ಮಾಮಾ?"

"ಕುರುಡಗ ಟ್ರ್ಯಾಕ್ಟರ್ ಯಾಕ ಅಂತ ಇದನ್ನ ಮಾರತಿದ್ರಿ. ಆಮ್ಯಾಲ ನಾ ಯಾತಕ್ಕ ಬೇಕಿದ್ದೆ?"

ಮಿಸ್ತ್ರಿ ಎಣ್ಣಿ ಒರಸಿ, ಪಾಯಿಂಟ್ ಪೆಟ್ರೋಲಿಲೆ ತೊಳದು, ಮುಚ್ಚಳ ಹಾಕಿದ. ಒಂದ ಹ್ಯಾಂಡಲಿಗೆ ಭಡ್ ಭಡ್ ಅಂತ ಎದ್ದಳು ತಾಯಿ! ನನ್ನ ಎದಿಮ್ಯಾಲಿನ ಕಲ್ಲು ಇಳಿಸಿದಂಗ ಆತು. ಆದ್ರ ಅತ್ತಿ ಟ್ರ್ಯಾಕ್ಟರ್ ಕಡೆ ತಿರುಗಿ ಸೈತ ನೋಡಲಿಲ್ಲ. "ಗುಜರಿ ಮಾತು ನಾ ಎತ್ತಂಗಿಲ್ರಿ. ಮದ್ಲ ಕಣ್ಣ ತೋರಸ್ರಿ, ನಿಮ್ಮ ಕಾಲ ಬೀಳ್ತೀನಿ" ಅಂತ ಅತ್ತು ಬಿಟ್ಟಳು.

ಬಿತ್ತಿಗಿ ಮುಗಿಸಿ ಗದಗಿನ ದವಾಖಾನಿಗೆ ಕರಕೊಂಡು ಹೋದ್ವಿ. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, "ಬರೇ ಪೊರಿ ಬಂದೈತ್ರಿ, ತಗದ್ರ ಆತು" ಅಂದ್ರು. ಬರೇ ಪೊರಿ! ಆ ಎರಡು ಮಾತಿಗೆ ನಾ ಡಾಕ್ಟರ ಕೈ ಹಿಡಕೊಂಡು ಅಲಗಾಡಿಸಿದ್ದ ಅಲಗಾಡಿಸಿದ್ದು.

ಆಪರೇಶನ್ ಆದ ಮರುದಿನ ಪಟ್ಟಿ ಬಿಚ್ಚಿದ್ರು. ಎದುರಿಗೆ ಅತ್ತಿ ಕುಂತಿದ್ದಳು. ಮಾಮಾ ಆಕಿನ್ನ ಭಾಳ ಹೊತ್ತು ನೋಡಿದ.

"ನಿನ್ನ ಕೂದಲ ಇಷ್ಟು ಬೆಳ್ಳಗ ಯಾವಾಗಾದ್ವು?"

"ನೀವು ನೋಡೂದು ಬಿಟ್ಟ ಮ್ಯಾಲ" ಅಂದಳು ಅತ್ತಿ.

ಮಾಮಾ ಆಕಿ ಕೈ ಹಿಡಕೊಂಡ. ಕಣ್ಣಾಗ ನೀರು ತರಬಾರದು ಅಂತ ಡಾಕ್ಟರು ತಾಕೀತು ಮಾಡಿದ್ರು. ಇಬ್ರೂ ಕೇಳಲಿಲ್ಲ.