ಮೂವತ್ತನಾಲ್ಕು ಜನರ ಶಿಫಾರಸು

ರಕಾನ್ ಆ ಗುರುವಾರ ಬೆಳಗಿನ ತಿಂಡಿಯ ಹೊತ್ತಿಗೆ ಒಂದು ನಿಟ್ಟುಸಿರು ಬಿಟ್ಟ. ಅದನ್ನು ಬಚ್ಚಲಲ್ಲಿ ಬಿಟ್ಟಿದ್ದರೆ, ಅಥವಾ ಯೂನಿವರ್ಸಿಟಿಯ ಬಸ್ಸಿನಲ್ಲಿ ಬಿಟ್ಟಿದ್ದರೆ, ಏನೂ ಆಗುತ್ತಿರಲಿಲ್ಲ. ಅವನು ಅದನ್ನು ತಾಯಿಯ ಎದುರಿಗೇ, ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದುತ್ತ ಬಿಟ್ಟ.

"ಏನಾಯ್ತೋ?" ಎಂದರು ತಾಯಿ, ಉಮ್ಮು ರಕಾನ್.

"ಏನಿಲ್ಲಮ್ಮ."

"ಏನಿಲ್ದೆ ಇಷ್ಟುದ್ದ ಉಸಿರಾ? ನಿಮ್ಮಪ್ಪ ಕೊನೇ ದಿನಾನೂ ಇಷ್ಟುದ್ದ ಬಿಡ್ಲಿಲ್ಲ."

ಹೇಳದೆ ವಿಧಿಯಿರಲಿಲ್ಲ. ನಾರ್ವೆಯ ಒಂದು ಯೂನಿವರ್ಸಿಟಿಯಲ್ಲಿ ಆರು ತಿಂಗಳು ಓದಲು ರಕಾನ್ ಓದುವ ವಿಭಾಗಕ್ಕೆ ಒಂದೇ ಒಂದು ಸೀಟು ಬಂದಿತ್ತು. ಕೊನೆಯ ವರ್ಷದವರಿಗೆ ಮಾತ್ರ. ಡಾಕ್ಟರ್ ಫವ್ವಾಜ್ ಎಂಬ ಪ್ರೊಫೆಸರು ಈ ಸಂಜೆಯೊಳಗೆ ಒಂದು ಹೆಸರು ಕಳಿಸಬೇಕು. ರಕಾನ್ ಮೂರು ದಿನದಿಂದ ಕೇಳುತ್ತಿದ್ದ. ಅವರು ಮೂರು ದಿನದಿಂದ "ಇನ್ಶಾ ಅಲ್ಲಾ" ಎನ್ನುತ್ತಿದ್ದರು.

"ನಿನ್ನ ಮುಖ ನೋಡಿ ಅಂದ್ರಾ, ಗೋಡೆ ನೋಡಿ ಅಂದ್ರಾ?"

"ಕಂಪ್ಯೂಟರ್ ನೋಡಿ."

ಸೀಟು ಬಂದಿದೆಯೆಂದು ಕೇಳಿದ ದಿನವೇ ಉಮ್ಮು ರಕಾನ್, ಮಗ ಪರದೇಶಕ್ಕೆ ಹೋಗುತ್ತಾನೆಂದು ಜರ್ಕಾದಲ್ಲಿರುವ ತಂಗಿಗೆ ಹೇಳಿಬಿಟ್ಟಿದ್ದರು. ಆ ತಂಗಿಯ ಮಗ ದುಬೈಗೆ ಹೋಗಿ ಬಂದವನು. ಅವಳ ಮುಂದೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ಸುಲಭ. ಅವರು ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ಬಾಲ್ಕನಿಗೆ ಹೋದರು. ಬಟ್ಟೆ ಹರವಿ ಒಳಗೆ ಬರುವಷ್ಟರಲ್ಲಿ ವಿಷಯ ಒಂದು ಮಹಡಿ ಹತ್ತಿ ಮೂರು ಬೀದಿ ಇಳಿದಿತ್ತು.

ಹತ್ತಿದ್ದು ಮೇಲಿನ ಮನೆಯ ಉಮ್ಮು ನಿದಾಲ್ ಅವರ ಕಿವಿಗೆ. ಹತ್ತು ನಿಮಿಷದಲ್ಲಿ ಅವರೇ ಕೆಳಗಿಳಿದು ಬಂದು ಕುರ್ಚಿಯ ಮೇಲೆ ಕೂತು ತೋಳು ಚಾಚಿದರು.

"ಮೊದ್ಲು ನನ್ನ ಬಿಪಿ ನೋಡು ಡಾಕ್ಟ್ರೇ. ಸುದ್ದಿ ಕೇಳಿ ಏರಿರ್ಬೇಕು."

"ನಾನು ಡಾಕ್ಟರ್ ಅಲ್ಲ ಆಂಟಿ. ನಾನು ಓದ್ತಿರೋದು ಜಾಗತಿಕ ಆರೋಗ್ಯ."

"ಗೊತ್ತು ಕಣೋ. ಇಡೀ ಜಗತ್ತನ್ನ ನೋಡೋನು ನನ್ನ ಒಂದು ತೋಳು ನೋಡಕ್ಕಾಗಲ್ವಾ?"

ಎರಡನೇ ವರ್ಷದಲ್ಲಿ ಯಾವುದೋ ಸಮೀಕ್ಷೆಗೆಂದು ಯೂನಿವರ್ಸಿಟಿಯವರು ಕೊಟ್ಟ ಬಿಪಿ ಯಂತ್ರವನ್ನು ರಕಾನ್ ಮನೆಗೆ ತಂದಿದ್ದ. ಸಮೀಕ್ಷೆ ಮುಗಿದರೂ ಬೀದಿಯವರ ತೋಳುಗಳು ಮುಗಿದಿರಲಿಲ್ಲ. ಅವನು ಪಟ್ಟಿ ಸುತ್ತಿದ. ಏರಿತ್ತು.

"ನೋಡ್ದ್ಯಾ?" ಎಂದರು ಉಮ್ಮು ನಿದಾಲ್, ಬಹುಮಾನ ಬಂದವರಂತೆ. "ಹಾಜಿ ಅಬು ಗಾಲಿಬ್‌ಗೆ ಹೇಳಿ ಕಳಿಸಿದ್ದೀನಿ. ಅವರು ಜಾಹಾ ಕಟ್ತಾರಂತೆ. ಮಧ್ಯಾಹ್ನದ ನಮಾಜು ಮುಗಿಸಿ, ಮೂರೂವರೆ ಮೇಲೆ."

ರಕಾನ್‌ಗೆ ಅವರ ತೋಳಿನ ಪಟ್ಟಿ ಬಿಚ್ಚುವುದೇ ಮರೆತುಹೋಯಿತು.

ಅವರಿದ್ದ ಸಲ್ತ್ ಊರಿನಲ್ಲಿ ಜಾಹಾ ಎಂದರೆ ಹಿರಿಯರ ದಂಡು. ಹೆಣ್ಣು ಕೇಳಲು ಹೋಗುತ್ತದೆ, ಜಗಳ ಬಿಡಿಸಲು ಹೋಗುತ್ತದೆ, ಕಾರು ಡಿಕ್ಕಿ ಹೊಡೆದರೆ ಕ್ಷಮೆ ಕೇಳಲು ಹೋಗುತ್ತದೆ. ಮನೆಯವರು ಕೊಟ್ಟ ಕಾಫಿಯನ್ನು ಮುಖಂಡ ಕುಡಿಯದೆ ನೆಲದ ಮೇಲಿಡುತ್ತಾನೆ. ಅವನು ಇಟ್ಟರೆ ಎಲ್ಲರೂ ಇಡುತ್ತಾರೆ. ಕೇಳಿದ್ದನ್ನು ಕೊಡುವೆನೆಂದು ಮನೆಯವನು ಹೇಳುವ ತನಕ ಒಂದು ತುಟಿಯೂ ಬಟ್ಟಲಿಗೆ ತಾಗುವುದಿಲ್ಲ. ಕಾಫಿ ಆರುತ್ತಿರುವಾಗ ಇಲ್ಲವೆನ್ನುವ ಗಂಡಸು ಆ ಊರಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಆದರೆ ಯೂನಿವರ್ಸಿಟಿಯ ಸೀಟು ಕೇಳಲು ಜಾಹಾ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಡಾಕ್ಟರ್ ಫವ್ವಾಜ್ ಶಿಫಾರಸಿನ ಫೋನು ಬಂದರೇ ಮುಖ ಕೆಂಪಗೆ ಮಾಡುವ ಮನುಷ್ಯ.

ರಕಾನ್ ಓಡಿಹೋಗಿ ಅಬು ಗಾಲಿಬ್ ಅವರ ಬಾಗಿಲು ತಟ್ಟಿದ. ಎಂಬತ್ತರ ಹತ್ತಿರದ ಹಾಜಿ ಆಗಲೇ ಕರಿಯ ಮೇಲಂಗಿಗೆ ಬ್ರಷ್ ಹಾಕುತ್ತಿದ್ದರು. ಅರವತ್ತೊಂದು ಮದುವೆ, ನಾಲ್ಕು ಕಾರು, ಒಂದು ನೀರಿನ ಟ್ಯಾಂಕಿನ ಜಗಳ, ಇಷ್ಟನ್ನು ಅವರು ಗೆದ್ದು ಬಂದಿದ್ದರು. ಕಾಫಿ ಕುಡಿಯದೆ ವಾಪಸು ಬಂದದ್ದು ಒಂದು ಸಲವೂ ಇಲ್ಲ.

"ಹಾಜಿ, ಇದು ಬೇರೆ ವಿಷಯ. ಸೀಟಿಗೆಲ್ಲ ಜಾಹಾ ಹೋಗಲ್ಲ."

"ಯಾಕೆ ಹೋಗಲ್ಲ? ಸೀಟಾದ್ರೇನು, ಹುಡುಗಿ ಆದ್ರೇನು. ಅವರ ಕೈಲಿರೋದು ನಮ್ಮ ಕೈಗೆ ಬರಬೇಕು, ಅಷ್ಟೇ ತಾನೆ?"

"ಅವರು ಕೋಪ ಮಾಡ್ಕೋತಾರೆ."

"ಮಾಡ್ಕೊಳ್ಲಿ. ಅರವತ್ತೊಂದು ಮಾವಂದಿರ ಕೋಪ ನೋಡಿದೀನಿ ನಾನು. ನೀನು ಹೋಗಿ ಗಡ್ಡ ಬೋಳಿಸ್ಕೋ."

ಗಡ್ಡ ಬೋಳಿಸಿಕೊಳ್ಳುವ ಮನಸ್ಸು ಅವನಿಗಿರಲಿಲ್ಲ. ಆದರೆ ಬೀದಿಯ ತಿರುವಿನಲ್ಲಿ ಕ್ಷೌರದ ಶಾಹರ್ ಕಾದು ನಿಂತಿದ್ದ. ತೋಳು ಹಿಡಿದು ಎಳೆದು ಕುರ್ಚಿಗೆ ಹಾಕಿ, ಕೊರಳಿಗೆ ಬಟ್ಟೆ ಬಿಗಿದ.

"ನಾರ್ವೇಲಿ ರೋಗಿಗಳೇ ಇಲ್ವಂತಲ್ಲೋ. ಅಲ್ಲಿ ಹೋಗಿ ಆರೋಗ್ಯ ಏನು ಕಲೀತೀಯ?"

"ಯಾಕೆ ಇಲ್ಲ ಅನ್ನೋದನ್ನ ಕಲೀತೀನಿ ಚಿಕ್ಕಪ್ಪ."

"ಅದನ್ನ ನಾನೇ ಹೇಳ್ತೀನಿ. ಚಳಿ. ಚಳೀಲಿ ಏನೂ ಕೊಳೆಯಲ್ಲ." ಶಾಹರ್ ರೇಜರನ್ನು ಗಂಟಲ ಮೇಲಿಟ್ಟು ಯೋಚಿಸಿದ. "ಶುಗರ್ರಿಗೆ ಔಷಧ ಯಾವ ಹೊತ್ತಿಗೆ ತಗೋಬೇಕು ಅಂದಿದ್ದೆ ನಂಗೆ? ಊಟಕ್ಕೆ ಮುಂಚೇನಾ?"

ರಕಾನ್ ತಲೆಯಾಡಿಸುವ ಸ್ಥಿತಿಯಲ್ಲಿರಲಿಲ್ಲ. ಕಣ್ಣು ಮಿಟುಕಿಸಿ ಹೌದೆಂದ.

ಗಡ್ಡ ಹೋಗಿ, ಕೂದಲಿಗೆ ಎಣ್ಣೆ ಬಂದು, ಕಿವಿಯ ಹಿಂದೆ ಅತ್ತರು ಬಿದ್ದು ಅವನು ಹೊರಗೆ ಬಂದಾಗ ಥೇಟು ಮದುಮಗನಂತಿದ್ದ. ಮೇಲಿನ ಕಿಟಕಿಯಿಂದ ಯಾರೋ ಹೆಂಗಸು ನಾಲಗೆ ಹೊರಳಿಸಿ ಮದುವೆಯ ಕೂಗು ಹಾಕಿದಳು. ತರಕಾರಿ ಅಂಗಡಿಯವನು ಎದ್ದು ಬಂದು ಕೈಕುಲುಕಿದ.

"ಶುಭವಾಗ್ಲಿ. ಯಾವ ಮನೆತನ?"

"ನಾರ್ವೆ," ಎಂದ ರಕಾನ್, ಸುಸ್ತಾಗಿ.

"ಕೇಳಿದ ಹಾಗಿಲ್ಲ. ಕರಕ್ ಕಡೆಯೋರಾ?"

ಮೂರೂವರೆಗೆ ಇಪ್ಪತ್ತು ಸೀಟಿನ ಬಸ್ಸು ಬಂದು ನಿಂತಿತು. ಹತ್ತಲು ಮೂವತ್ತನಾಲ್ಕು ಜನ ನಿಂತಿದ್ದರು. ಅದರಲ್ಲಿ ಅರ್ಧ ಜನಕ್ಕೆ ಎಲ್ಲಿಗೆ ಹೋಗುತ್ತಿದ್ದೇವೆಂದು ಗೊತ್ತಿತ್ತು. ಉಳಿದವರು ಅಬು ಗಾಲಿಬ್ ಮೇಲಂಗಿ ಹಾಕಿದ್ದನ್ನು ಕಂಡು ತಾವೂ ಹಾಕಿಕೊಂಡು ಬಂದವರು. ಎಲ್ಲರೂ ಹತ್ತಿದ ಮೇಲೆ ಬಾಗಿಲಲ್ಲಿ ಒಂದು ಕಾಲಿಡುವಷ್ಟು ಜಾಗ ಉಳಿಯಿತು. ಅದರ ಮೇಲೆ ಶಾಹರ್ ನಿಂತ.

"ನಾನು?" ಎಂದ ರಕಾನ್.

"ನಿನ್ನ ಕಾಲು ಗಟ್ಟಿಯಿದೆ, ನಡ್ಕೊಂಡು ಬಾ," ಎಂದರು ಅಬು ಗಾಲಿಬ್ ಕಿಟಕಿಯಿಂದ. "ಕೇಳೋರು ನಾವು ತಾನೆ."

ಡಾಕ್ಟರ್ ಫವ್ವಾಜ್ ಅವರ ಮನೆ ಎದುರು ಗುಡ್ಡದಲ್ಲಿತ್ತು. ರಕಾನ್ ಕಣಿವೆ ಇಳಿದು, ಪೇಟೆ ದಾಟಿ, ಮೇಲೆ ಹತ್ತಿ, ಬೆವರು ಒರೆಸಿಕೊಂಡು ನಿಂತರೂ ಬಸ್ಸು ಬಂದಿರಲಿಲ್ಲ. ಕೆಳಗಿನ ಕಿರಿದಾದ ತಿರುವಿನಲ್ಲಿ ಗ್ಯಾಸ್ ಸಿಲಿಂಡರಿನ ಲಾರಿಯ ಹಿಂದೆ ಅದು ಸಿಕ್ಕಿಕೊಂಡಿರುವುದು ಅಲ್ಲಿಂದಲೇ ಕಾಣಿಸುತ್ತಿತ್ತು. ಒಳಗಿನವರು ಒಬ್ಬರ ಮೇಲೊಬ್ಬರು ಬಾಗಿ ಏನೋ ಮಾತಾಡುತ್ತಿದ್ದರು. ಕೈಬೆರಳು ಮಡಿಸಿ ಎಣಿಸುತ್ತಲೂ ಇದ್ದರು. ತನಗಾಗಿ ಇಷ್ಟು ಜನ ಇಷ್ಟು ತಲೆ ಕೆಡಿಸಿಕೊಂಡಿದ್ದಾರಲ್ಲ ಎಂದು ರಕಾನ್‌ಗೆ ಮೊದಲ ಬಾರಿ ಕಣ್ಣು ಒದ್ದೆಯಾಯಿತು.

ಅರ್ಧ ಗಂಟೆಯ ಮೇಲೆ ಅವರು ಬಂದು ಇಳಿದರು. ಹೋಗುವಾಗ ಇದ್ದ ಗದ್ದಲ ಈಗಿರಲಿಲ್ಲ. ಸಾವಿನ ಮನೆಗೆ ಬಂದವರಂತೆ ನೆಲ ನೋಡುತ್ತಿದ್ದರು. ಶಾಹರ್ ಅವನ ಕಾಲರು ಸರಿಮಾಡಿದ, ಆದರೆ ಕಣ್ಣಿಗೆ ಕಣ್ಣು ಕೊಡಲಿಲ್ಲ. ಅಬು ಗಾಲಿಬ್ ಅವನ ಭುಜದ ಮೇಲೆ ಕೈಯಿಟ್ಟು, "ನೀನು ಒಳ್ಳೇ ಹುಡುಗ ಕಣಪ್ಪ," ಎಂದರು.

ರಸ್ತೆಯಿಂದ ಮನೆಗೆ ತೊಂಬತ್ತು ಕಲ್ಲಿನ ಮೆಟ್ಟಿಲು. ಮೂವತ್ತನೆಯದರಲ್ಲಿ ಇಬ್ಬರು ಕೂತರು. ಅರವತ್ತನೆಯದರಲ್ಲಿ ಏಳು ಜನ ಕೂತರು. ರಕಾನ್ ಮೇಲಕ್ಕೂ ಕೆಳಕ್ಕೂ ಓಡಾಡಿ ನಾಡಿ ಹಿಡಿದ, ಒಬ್ಬರಿಗೆ ನೀರು ಕುಡಿಸಿದ, ಇನ್ನೊಬ್ಬರಿಗೆ ಜೇಬಿನಲ್ಲಿದ್ದ ಚಾಕಲೇಟು ತಿನ್ನಿಸಿದ, ಹಾಜಿಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹತ್ತಿಸಿದ. ಅವರು ಅವನ ಕೊರಳಿಗೆ ಜೋತುಬಿದ್ದು, "ನಿನ್ನಂಥವನು ಇನ್ನೊಬ್ಬ ಸಿಗಲ್ಲ," ಎಂದು ಎರಡು ಸಲ ಹೇಳಿದರು.

ಡಾಕ್ಟರ್ ಫವ್ವಾಜ್ ಅಂಗಳದಲ್ಲಿ ಹಳೆಯ ಪ್ಯಾಂಟಿನಲ್ಲಿ ದ್ರಾಕ್ಷಿಬಳ್ಳಿ ಕತ್ತರಿಸುತ್ತಿದ್ದರು. ಗೇಟಿನಲ್ಲಿ ಮೂವತ್ತನಾಲ್ಕು ಕರಿಯ ಮೇಲಂಗಿಗಳನ್ನು ಕಂಡು ಕತ್ತರಿ ಕೈಯಲ್ಲೇ ನಿಂತಿತು. ಅವರಿಗೆ ಮದುವೆಗೆ ಬಂದ ಮಗಳಿರಲಿಲ್ಲ. ಯಾರಿಗೂ ಕಾರಿನಿಂದ ಗುದ್ದಿಯೂ ಇರಲಿಲ್ಲ. ದಂಡಿನ ಹಿಂದೆ ಎಣ್ಣೆ ಹಚ್ಚಿದ ತಲೆಯೊಂದು ಅಡಗಿಕೊಳ್ಳುವುದನ್ನು ನೋಡಿದ ಮೇಲೆ ಅವರ ಮುಖ ಸಡಿಲವಾಯಿತು. ಸ್ವಲ್ಪ ನಗುವೂ ಬಂದಂತಿತ್ತು.

"ಬನ್ನಿ, ಬನ್ನಿ. ನಿಮ್ಮ ಮನೆ ಅಂದ್ಕೊಳ್ಳಿ."

ಕುರ್ಚಿ ಸಾಲಲಿಲ್ಲ. ಹಾಸಿಗೆಯ ಕೋಣೆಯಿಂದ ದಿಂಬುಗಳು ಬಂದವು. ಏಲಕ್ಕಿ ಹಾಕಿದ, ಸಕ್ಕರೆಯಿಲ್ಲದ ಕಾಫಿ ಪುಟ್ಟ ಬಟ್ಟಲುಗಳಲ್ಲಿ ಬಂತು. ಅಬು ಗಾಲಿಬ್ ತಮ್ಮ ಬಟ್ಟಲನ್ನು ತೆಗೆದುಕೊಂಡು, ನೋಡಿ, ನಿಧಾನವಾಗಿ ನೆಲದ ಮೇಲಿಟ್ಟರು. ಟಕ್ ಟಕ್ ಎಂದು ಉಳಿದ ಮೂವತ್ತಮೂರೂ ನೆಲ ಮುಟ್ಟಿದವು. ರಕಾನ್ ತನ್ನದನ್ನೂ ಇಟ್ಟ.

"ಕಾಫಿ ಕುಡೀರಿ ಹಾಜಿ," ಎಂದರು ಡಾಕ್ಟರ್ ಫವ್ವಾಜ್.

"ಕುಡೀತೀವಿ. ನಮಗೊಂದು ಕೋರಿಕೆ ಇದೆ. ಈ ಹುಡುಗನ ವಿಚಾರ. ನಾರ್ವೆ ವಿಚಾರ."

"ಅಷ್ಟೇನಾ? ಹೇಳೋದೇ ಬೇಡ. ನೀವು ಈ ವಯಸ್ಸಲ್ಲಿ ತೊಂಬತ್ತು ಮೆಟ್ಟಿಲು ಹತ್ತಿ ಬಂದಿದ್ದೀರಿ. ಏನು ಕೇಳ್ಬೇಕು ಅಂತ ಬಂದಿದ್ದೀರೋ, ಅದನ್ನ ಕೊಟ್ಟಾಯ್ತು ಅಂದ್ಕೊಳ್ಳಿ. ಕುಡೀರಿ."

ರಕಾನ್ ಕಣ್ಣು ಮುಚ್ಚಿದ. ಹಿಮ ಕಾಣಿಸಿತು.

"ಮಾತು ಕೊಟ್ರಾ?"

"ಕೊಟ್ಟೆ."

"ಇಷ್ಟು ಜನದ ಮುಂದೆ?"

"ಇಷ್ಟು ಜನದ ಮುಂದೆ."

"ದೇವರು ನಿಮ್ಮ ಮನೆ ತುಂಬಿಸ್ಲಿ. ಆದ್ರೂ ಏನು ಕೇಳಿದ್ವಿ ಅಂತ ಹೇಳ್ದೆ ಕಾಫಿ ಕುಡಿಯೋದು ಗಂಡಸ್ತನ ಅಲ್ಲ." ಹಾಜಿ ಮೇಲಂಗಿಯನ್ನು ಮಂಡಿಯ ಮೇಲೆ ಸರಿಮಾಡಿಕೊಂಡರು. "ಮನೆ ಬಿಡೋವಾಗ ಇವನನ್ನ ಕಳಿಸಿಕೊಡಿ ಅಂತ ಕೇಳೋಕೇ ಹೊರಟ್ವಿ. ಸುಳ್ಳು ಹೇಳಲ್ಲ. ಬಸ್ಸು ಅರ್ಧ ಗಂಟೆ ನಿಂತು ಹೋಯ್ತು. ಇಲ್ಲಿ ಕೂತಿರೋ ಅಬು ಸಖರ್ ಅಂದ್ರು, ಇವನು ಹೋದ್ಮೇಲೆ ನನ್ನ ಬಿಪಿ ನೋಡೋರು ಯಾರು ಅಂತ. ಆಗ ಎಣಿಸಿದ್ವಿ. ಮೂವತ್ತನಾಲ್ಕು ಜನದಲ್ಲಿ ಇಪ್ಪತ್ತೊಂಬತ್ತು ಜನ ಇವನ ಕೈಯಲ್ಲಿದೀವಿ. ನಿಮ್ಮ ಮೆಟ್ಟಿಲು ಹತ್ತೋವಾಗ ಇನ್ನೂ ಇಬ್ಬರು ಸೇರಿದ್ರು. ನಾರ್ವೆಯವರು ಗಟ್ಟಿಮುಟ್ಟಾಗಿದ್ದಾರಂತೆ. ಅವರಿಗೆ ಯಾಕೆ? ಇವನನ್ನ ಕಳಿಸ್ಬೇಡಿ ಡಾಕ್ಟ್ರೇ. ಇದೇ ನಮ್ಮ ಕೋರಿಕೆ."

ರಕಾನ್ ಬಾಯಿ ತೆರೆದ. ಯಾರ ಪರವಾಗಿ ಜಾಹಾ ಬಂದಿದೆಯೋ ಅವನು ಮಾತಾಡುವ ಪದ್ಧತಿಯಿಲ್ಲ. ಅದನ್ನು ನೆನಪಿಸಲು ಶಾಹರ್ ಅವನ ತೊಡೆ ಚಿವುಟಿದ.

ಡಾಕ್ಟರ್ ಫವ್ವಾಜ್ ಹಾಜಿಯನ್ನು ನೋಡಿದರು. ರಕಾನ್‌ನನ್ನು ನೋಡಿದರು. ನೆಲದ ಮೇಲೆ ಆರುತ್ತಿದ್ದ ಬಟ್ಟಲುಗಳನ್ನು ನೋಡಿದರು.

"ಬಡ ಊರಿನ ಆರೋಗ್ಯದವರನ್ನ ಶ್ರೀಮಂತ ದೇಶಗಳು ಎಳ್ಕೊಂಡು ಹೋಗ್ತಾವೆ ಅಂತ ನಾನೇ ಪಾಠ ಮಾಡ್ತೀನಿ," ಎಂದರು ಕೊನೆಗೆ, ಮೆಲ್ಲಗೆ.

"ನೋಡ್ದ್ಯಾ?" ಎಂದ ಶಾಹರ್ ರಕಾನ್ ಕಿವಿಯಲ್ಲಿ. "ಪಾಠದಲ್ಲೇ ಇದೆಯಂತೆ."

"ಮಾತು ಕೊಟ್ಟಾಗಿದೆ," ಎಂದರು ಡಾಕ್ಟರ್. "ಕುಡೀರಿ."

ಮೂವತ್ತನಾಲ್ಕು ಗಂಟಲುಗಳು ಒಟ್ಟಿಗೆ ಸದ್ದು ಮಾಡಿದವು. ರಕಾನ್ ಕೂಡ ಕುಡಿದ. ಕಾಫಿ ಆರಿ ಬೇವಿನ ಕಷಾಯವಾಗಿತ್ತು. ಆಮೇಲೆ ಎಲ್ಲರೂ ಎದ್ದು ಒಬ್ಬೊಬ್ಬರಾಗಿ ಅವನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಮೆಟ್ಟಿಲು ಇಳಿಯುವುದು ಹತ್ತುವುದಕ್ಕಿಂತ ಸುಲಭವೆಂದು ಹೊಗಳುತ್ತ ಹೋದರು.

ಅವನು ಗೇಟಿನ ಬಳಿ ಹಿಂದೆ ಉಳಿದ.

"ಸರ್, ಅದು ನನ್ನ ಕೋರಿಕೆ ಅಲ್ಲ."

"ಗೊತ್ತಪ್ಪ. ಆದ್ರೆ ಮೂವತ್ತನಾಲ್ಕು ಜನ ಕುಡಿದ ಕಾಫಿನ ವಾಪಸ್ ತಗೊಳ್ಳೋದು ಹೇಗೆ ಹೇಳು?"

"ನೀವು ಕಳಿಸ್ಬೇಕು ಅಂತಿದ್ದದ್ದು ಯಾರ ಹೆಸರು ಸರ್?"

ಡಾಕ್ಟರ್ ಫವ್ವಾಜ್ ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿದರು. "ಬೆಳಗ್ಗೆ ಒಂಬತ್ತಕ್ಕೇ ನಿನ್ನ ಹೆಸರು ಕಳಿಸಿ ಆಗಿತ್ತು. ಕೊಡೋದು ಕೊಟ್ಟಾಗಿದೆ ಅಂತಾನೇ ಧೈರ್ಯವಾಗಿ ಮಾತು ಕೊಟ್ಟೆ. ಈಗ ಬರೆದು ಬದಲಾಯಿಸ್ಬೇಕು. ತಹಾನಿ ಅಂತ ಅಜ್ಲೂನಿನ ಹುಡುಗಿ ಇದಾಳಲ್ಲ, ಅವಳು ಹೋಗ್ತಾಳೆ. ಅಂಕದಲ್ಲಿ ನಿನಗಿಂತ ಸ್ವಲ್ಪ ಕಮ್ಮಿ. ಆದ್ರೆ ಅವಳ ಪರವಾಗಿ ಯಾರೂ ಬಂದಿಲ್ಲ."

ಅವರು ಒಳಗೆ ಹೋದರು. ಅಷ್ಟರಲ್ಲಿ ರಕಾನ್‌ನ ಫೋನು ಬಡಿದುಕೊಂಡಿತು. ತಾಯಿ.

"ಕೆಲಸ ಆಯ್ತಂತಲ್ಲೋ. ಶಾಹರ್ ಬಸ್ಸಿಂದ ಫೋನ್ ಮಾಡಿ ಹಾಜಿ ಕಾಫಿ ಕುಡಿದ್ರು ಅಂದ. ಏನಾಯ್ತು ಅಂತ ಕೇಳೋಷ್ಟರಲ್ಲಿ ಲೈನ್ ಕಟ್ಟಾಯ್ತು. ಹಾಜಿ ಕೇಳಿದ್ದು ಕೊಟ್ರಾ?"

ರಕಾನ್ ಎದುರು ಗುಡ್ಡದಲ್ಲಿ ತಮ್ಮ ಬಾಲ್ಕನಿಯನ್ನು ಹುಡುಕಿದ. ಅಲ್ಲಿ ಇಬ್ಬರು ಹೆಂಗಸರು ತಲೆಗೆ ತಲೆ ತಾಗಿಸಿ ಒಂದೇ ಫೋನಿಗೆ ಕಿವಿಕೊಟ್ಟು ನಿಂತಿರುವುದು ಸಣ್ಣದಾಗಿ ಕಾಣಿಸಿತು.

"ಹೌದಮ್ಮ," ಎಂದ ಅವನು. "ಹಾಜಿ ಕೇಳಿದ್ದನ್ನೇ ಕೊಟ್ರು."

ಉಮ್ಮು ನಿದಾಲ್ ಹಾಕಿದ ಮದುವೆಯ ಕೂಗು ಮೊದಲು ಫೋನಿನಲ್ಲಿ ಕೇಳಿತು. ಆಮೇಲೆ ಕಣಿವೆ ದಾಟಿಕೊಂಡು ನಿಜವಾಗಿ ಬಂತು. ಅದರ ಹಿಂದೆಯೇ ತಾಯಿಯ ದನಿ, ಜರ್ಕಾದ ತಂಗಿಯ ನಂಬರು ಹುಡುಕಿಕೊಡು ಎನ್ನುತ್ತಿತ್ತು.