ಆಕ್ಷೇಪವಿಲ್ಲದ ಮೂವತ್ತೊಂದು ಮಂದಿ

ತೆಂಗು ಬೆಳೆಗಾರರ ಸಂಘದ ಕಾರ್ಯದರ್ಶಿಯಾದವನು ಸತ್ತವರ ಜೊತೆ ಕಾಗದ ಪತ್ರ ನಡೆಸಬೇಕಾದ ಸಂದರ್ಭ ತಿಂಗಳಿಗೆ ಒಂದಾದರೂ ಬರುತ್ತದೆ. ಸಾಮಾನ್ಯವಾಗಿ ಅವರಿಂದ ತೊಂದರೆಯಿಲ್ಲ. ಬದುಕಿರುವವರಷ್ಟು ಪ್ರಶ್ನೆ ಕೇಳುವುದಿಲ್ಲ, ಸಭೆಯಲ್ಲಿ ಕಾಫಿ ಬರಲಿಲ್ಲ ಎಂದು ಮುನಿಸಿಕೊಳ್ಳುವುದಿಲ್ಲ. ಕಳೆದ ವರ್ಷ ಮಾತ್ರ ಒಬ್ಬರು ಸ್ವಲ್ಪ ಮುಂದೆ ಬಂದರು.

೧. ಪಟ್ಟಿ

ದೆಹಲಿಯಿಂದ ಒಂದು ನಮೂನೆ ಬಂತು. ತೆಂಗನ್ನು ಹೇರಳವಾಗಿ ಬೆಳೆಯುವ ಕೆಲವು ದೇಶಗಳ ಗುಂಪಿನೊಡನೆ ನಮ್ಮ ದೇಶ ವ್ಯಾಪಾರ ಒಪ್ಪಂದದ ಮಾತುಕತೆಗೆ ಕೂರಲಿತ್ತು. ಇಂಥ ಒಪ್ಪಂದಗಳ ಬಗ್ಗೆ ನಾನು ಸ್ವಲ್ಪ ಓದಿದ್ದೇನೆ. ಮೇಜಿನ ಮುಂದೆ ಕೂರುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಪ್ರತಿ ದೇಶವೂ ತನ್ನ ಮನೆಯೊಳಗೇ ಕೂತು ಎರಡು ಪಟ್ಟಿ ಮಾಡಿಕೊಳ್ಳುತ್ತದೆ. ಯಾವ ಸರಕಿನ ಆಮದು ಸುಂಕ ಇಳಿಸಬಹುದು ಎನ್ನುವುದು ಒಂದು, ಯಾವುದನ್ನು ಮುಟ್ಟಲೇಬಾರದು ಎನ್ನುವುದು ಇನ್ನೊಂದು. ನಮ್ಮ ಉಂಡೆ ಕೊಬ್ಬರಿ ಎರಡನೆಯ ಪಟ್ಟಿಯಲ್ಲಿ ಉಳಿಯಬೇಕಿತ್ತು. ಉಳಿಯದಿದ್ದರೆ ಹಡಗಿನಲ್ಲಿ ಬಂದಿಳಿಯುವ ಅಗ್ಗದ ಕೊಬ್ಬರಿಯ ಮುಂದೆ ತಿಪಟೂರಿನಲ್ಲಿ ನಮ್ಮ ಮೂಟೆಯನ್ನು ಮೂಸಿ ನೋಡುವವರೂ ಇರುವುದಿಲ್ಲ.

ನಮೂನೆಯ ಕೊನೆಯಲ್ಲಿ, ಇದರಿಂದ ಬಾಧಿತರಾಗುವ ಬೆಳೆಗಾರರ ಹೆಸರು ಕೊಡಿ ಎಂದಿತ್ತು. ನಮ್ಮ ಅಧ್ಯಕ್ಷರು ಮಾಯಸಂದ್ರದ ಕಡೆಯವರು, ಅರವತ್ತು ದಾಟಿದವರು, ಕೆಲಸ ಬೇಗ ಮುಗಿಯಬೇಕು ಎನ್ನುವವರು. ಪಹಣಿಗಳ ಕಟ್ಟನ್ನು ತಂದು ಮೇಜಿನ ಮೇಲೆ ಹಾಕಿ, ಒಂದೊಂದೇ ಹೆಸರು ಓದುತ್ತಾ ಹೋದರು. ನಾನು ಬರೆಯುತ್ತಾ ಹೋದೆ. ಹನ್ನೊಂದನೆಯ ಹೆಸರು ಅವರ ತಂದೆಯದೇ ಆಗಿತ್ತು. ನಾನು ಪೆನ್ನು ನಿಲ್ಲಿಸಿದೆ.

"ಇವರು ತೀರಿಕೊಂಡು ಆರು ವರ್ಷ ಆಯಿತಲ್ಲ?"

"ಆಯ್ತು."

"ಇದಕ್ಕೆ ಮುಂಚಿನ ಹತ್ತರಲ್ಲೂ ಎಂಟು ಜನ ಇಲ್ಲ."

"ಇಲ್ಲ. ಅವ್ರ ಮಕ್ಳು ಖಾತೆ ಮಾಡಿಸ್ಕಂಡಿಲ್ಲ, ನಾನೂ ಮಾಡಿಸ್ಕಂಡಿಲ್ಲ. ತೋಟ ಯಾರ ಹೆಸ್ರಲ್ಲಿದ್ರೆ ಅವ್ರೇ ಬೆಳೆಗಾರ್ರು. ಬರೀರಿ."

"ಸತ್ತವರ ಹೆಸರನ್ನು ದೆಹಲಿಗೆ ಕಳಿಸುವುದೇ?"

ಅಧ್ಯಕ್ಷರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಸತ್ತಿರೋದು ನಿಮಗೆ ಗೊತ್ತು, ನನಗೆ ಗೊತ್ತು. ಗೌರ್ಮೆಂಟಿಗೆ ಯಾರಾದ್ರೂ ಹೇಳವ್ರಾ?"

ಮೂವತ್ತೊಂದು ಹೆಸರು ಹೋಯಿತು. ಅದರಲ್ಲಿ ಉಸಿರಾಡುತ್ತಿದ್ದವರು ಏಳು ಮಂದಿ.

೨. ಹೆಬ್ಬೆಟ್ಟು

ದೆಹಲಿಯವರು ಶಿಸ್ತಿನವರು. ಮೂವತ್ತೊಂದು ಮಂದಿಗೂ ಪ್ರತ್ಯೇಕವಾಗಿ ಸಭೆಯ ಆಹ್ವಾನ ಕಳಿಸಿದರು. ಸಹಿ ಹಾಕಿ ಪಡೆಯಬೇಕಾದ ಟಪಾಲು.

ಪೋಸ್ಟ್‌ಮನ್ ಹೊಸಬ, ಬೇರೆ ಜಿಲ್ಲೆಯವನು. ಯಾರು ಇದ್ದಾರೆ, ಯಾರು ಇಲ್ಲ ಎನ್ನುವುದು ಅವನಿಗೆ ತಿಳಿಯದು. ಇಪ್ಪತ್ತಮೂರು ಲಕೋಟೆಗಳನ್ನು ಮನೆಯವರು ತಮ್ಮ ಸಹಿ ಹಾಕಿ ಇಸಿದುಕೊಂಡರು. ಏಳು ಜನ ತಾವೇ ತೆಗೆದುಕೊಂಡರು. ಉಳಿದದ್ದು ಅಧ್ಯಕ್ಷರ ತಂದೆಯದು. ಅವತ್ತು ಅವರ ಮನೆಗೆ ಬೀಗ ಹಾಕಿತ್ತು. ಆದರೂ ಉಳಿದ ಚೀಟಿಗಳ ಜೊತೆ ಆ ಸ್ವೀಕೃತಿ ಚೀಟಿಯೂ ಸಂಘದ ಮೊಹರಿಗೆಂದು ನಮ್ಮ ಕಚೇರಿಗೆ ಬಂತು. ಅದರ ಮೇಲೆ ನೇರಳೆ ಬಣ್ಣದ ಒಂದು ಹೆಬ್ಬೆಟ್ಟು, ರೇಖೆ ರೇಖೆಯೂ ಸ್ಪಷ್ಟ.

ಪೋಸ್ಟ್‌ಮನ್‌ನನ್ನು ಕರೆಸಿದೆವು.

"ಮನೇಲಿ ಯಾರೂ ಇರಲಿಲ್ಲ ಸಾರ್. ಹಿಂದೆ ತೋಟಕ್ಕೆ ಹೋಗಿ ಕೂಗಿದೆ. ಬಾವಿ ಹತ್ರ ಚಪ್ಪಡಿ ಕಲ್ಲಿನ ಮೇಲೆ ಒಬ್ಬ ಅಜ್ಜ ಕೂತಿದ್ದರು. ಹೆಸರು ಹೇಳಿದೆ, ಕೈ ಚಾಚಿದರು. ಸಹಿ ಬರುತ್ತಾ ಅಂದರೆ ಮಾತಾಡಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡೆ."

ಬಾವಿಯ ಹತ್ತಿರದ ಚಪ್ಪಡಿ ಕಲ್ಲು ಯಾವುದೆಂದು ನನಗೆ ಗೊತ್ತಿತ್ತು. ಅಧ್ಯಕ್ಷರ ತಂದೆಯನ್ನು ಮಣ್ಣು ಮಾಡಿರುವುದು ಅದರ ಕೆಳಗೆ.

"ಇಂಕ್ ಪ್ಯಾಡ್ ನೀನು ಒಯ್ದಿದ್ದೆಯಾ?" ಎಂದು ಕೇಳಿದೆ.

"ಇಲ್ಲ ಸಾರ್. ಬೇಕಾಗಲಿಲ್ಲ. ಅವರ ಬೆರಳಲ್ಲೇ ಮಸಿ ಇತ್ತು."

ಅವನು ಹೋದ ಮೇಲೆ ಅಧ್ಯಕ್ಷರು ಬಹಳ ಹೊತ್ತು ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೊನೆಗೆ ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುವ ಹಾಗೆ ಹೇಳಿದರು: "ಅಪ್ಪ ಹೋದ ದಿನ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸ್ಕಂಡಿದ್ದೆ ಕಣ್ರೀ. ಗಡಿಬಿಡೀಲಿ ಬೆರಳು ಒರೆಸೋದು ಮರ್ತೋಯ್ತು."

ಯಾವ ಕಾಗದ ಎಂದು ನಾನು ಕೇಳಲಿಲ್ಲ.

೩. ಕುರ್ಚಿಯ ಮೇಲೆ ಕಾಯಿ

ಸಭೆ ತಿಪಟೂರಿನ ಒಂದು ಸಭಾಂಗಣದಲ್ಲಿ ಮಧ್ಯಾಹ್ನ ಮೂರಕ್ಕೆ. ದೆಹಲಿಯಿಂದ ಬಂದ ಅಧಿಕಾರಿ ಧಾರವಾಡದ ಕಡೆಯ ಹೆಣ್ಣುಮಗಳು, ತಾಳ್ಮೆಯವರು. ಅವರ ಸಿಬ್ಬಂದಿ ಮುಂದಿನ ಮೂರು ಸಾಲಿನ ಕುರ್ಚಿಗಳಿಗೆ ಮೂವತ್ತೊಂದು ಹೆಸರಿನ ಚೀಟಿ ಅಂಟಿಸಿದ್ದರು.

ಜನ ತುಂಬ ಬಂದರು. ಆದರೆ ಆ ಕುರ್ಚಿಗಳಲ್ಲಿ ಒಬ್ಬರೂ ಕೂರಲಿಲ್ಲ. ಅಪ್ಪನ ಹೆಸರು ಬರೆದಿರುವ ಕುರ್ಚಿಯ ಮೇಲೆ ಮಗ ಹೇಗೆ ಕೂರುತ್ತಾನೆ? ಬದುಕಿದ್ದ ಏಳು ಮಂದಿಗೂ ಆ ಸಾಲಿನಲ್ಲಿ ಕೂರುವ ಧೈರ್ಯ ಬರಲಿಲ್ಲ. ಎಲ್ಲರೂ ಹಿಂದಿನ ಗೋಡೆಗೆ ಒರಗಿ ನಿಂತರು.

"ಖಾಲಿ ಕುರ್ಚಿ ನೋಡಿದ್ರೆ ಇವ್ರಿಗೆ ಕೊಬ್ರಿ ಬೇಕಾಗಿಲ್ಲ ಅಂದ್ಕಂತಾರೆ," ಎಂದು ಅಧ್ಯಕ್ಷರು ಒಂದು ಉಪಾಯ ಮಾಡಿದರು. ತೋರಿಸಲೆಂದು ಮೂಟೆಯಲ್ಲಿ ತಂದಿದ್ದ ಒಣಗಾಯಿಗಳನ್ನು ಕುರ್ಚಿಗೊಂದರಂತೆ ಇಟ್ಟರು. ವರ್ಷದ ಹತ್ತಿರ ಅಟ್ಟದ ಮೇಲಿದ್ದು ನೀರು ಇಂಗಿದ ಕಾಯಿಗಳವು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿರುತ್ತದೆ. ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಹಿರಿಯರ ಹಬ್ಬದಲ್ಲಿ ಕಳಶಕ್ಕೆ ಕಾಯಿ ಇಡುವುದನ್ನು ಕಂಡ ಜನ. ಮೂವತ್ತೊಂದು ಕಾಯಿ ಸಾಲಾಗಿ ಕೂತದ್ದನ್ನು ನೋಡಿದ್ದೇ ಗೋಡೆಯ ಪಕ್ಕದವರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು. ಅಧಿಕಾರಿಯ ಸಹಾಯಕ, "ಹೆಸರಿದ್ದವರೆಲ್ಲ ಬಂದಿದ್ದಾರಾ?" ಎಂದು ಕೇಳಿದಾಗ ಅಧ್ಯಕ್ಷರು ಕಾಯಿಗಳ ಕಡೆ ಒಮ್ಮೆ ನೋಡಿ, "ಎಲ್ಲಾ ಬಂದವ್ರೆ" ಎಂದರು.

ಅಧಿಕಾರಿ ಚೆನ್ನಾಗಿ ವಿವರಿಸಿದರು. ಮಾತುಕತೆಯಲ್ಲಿ ಯಾವ ದೇಶವೂ ಏನನ್ನೂ ಸುಮ್ಮನೆ ಬಿಟ್ಟುಕೊಡುವುದಿಲ್ಲ. ಒಂದು ಕೊಟ್ಟರೆ ಇನ್ನೊಂದು ಪಡೆಯುತ್ತದೆ. ಅವರು ತೆಂಗು ಕೇಳುತ್ತಾರೆ, ನಾವು ಬೇರೇನೋ ಕೇಳುತ್ತೇವೆ. ನಿಮಗೆ ಎಷ್ಟು ತಡೆದುಕೊಳ್ಳಲು ಸಾಧ್ಯ ಎಂದು ತಿಳಿಯಲು ಬಂದಿದ್ದೇನೆ ಎಂದರು.

"ಸುಂಕ ಅರ್ಧ ಇಳಿಸಿದರೆ?"

ಯಾರೂ ಮಾತಾಡಲಿಲ್ಲ.

"ಕಾಲು ಭಾಗ?"

ಮಾತಿಲ್ಲ.

"ಒಂದೇ ಸಲ ಬೇಡ, ಹತ್ತು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿದರೆ?"

ನಮ್ಮ ಕಡೆ ವ್ಯಾಪಾರದಲ್ಲಿ ಒಂದು ಕ್ರಮವಿದೆ. ಕೊಳ್ಳುವವನು ಬೆಲೆ ಹೇಳುತ್ತಾನೆ. ಒಪ್ಪಿದರೆ ರೈತ "ಆಯ್ತು, ತಗೊ" ಎನ್ನುತ್ತಾನೆ. ಒಪ್ಪದಿದ್ದರೆ ಸುಮ್ಮನಿರುತ್ತಾನೆ. ಬೇಡ ಎಂದು ಮುಖದ ಮೇಲೆ ಹೇಳುವುದು ಮರ್ಯಾದೆಯಲ್ಲ. ಅಧ್ಯಕ್ಷರ ತಂದೆ ಇದರಲ್ಲಿ ಹೆಸರುವಾಸಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ ಕೂತರೆ, ವ್ಯಾಪಾರಿಯೇ ಬೆವರಿ ಬೆಲೆ ಏರಿಸುತ್ತಿದ್ದ. ಆ ದಿನ ಸಭಾಂಗಣದಲ್ಲಿ ಇನ್ನೂರು ಜನ ಒಕ್ಕೊರಲಿನಿಂದ ಸುಮ್ಮನಿದ್ದರು. ಇದಕ್ಕಿಂತ ಗಟ್ಟಿಯಾಗಿ ಬೇಡ ಎನ್ನಲು ನಮಗೆ ಬರುವುದಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನುಗಳು ನಿಂತವು. ಎರಡನೆಯ ಸಾಲಿನಿಂದ ಸದ್ದು ಬಂತು.

ಲೊಡ. ಲೊಡ. ಲೊಡ.

ಯಾರೂ ಅಲುಗಾಡಲಿಲ್ಲ. ಅಧಿಕಾರಿ ಮಬ್ಬಿನಲ್ಲಿ ಕಣ್ಣು ಕಿರಿದು ಮಾಡಿ, "ಯಾರದು?" ಎಂದರು.

ಅಧ್ಯಕ್ಷರು ಹಿಂದಿರುಗಿ ನೋಡದೆ, "ನಮ್ಮಪ್ಪ" ಎಂದರು.

"ಅವರು ಏನಾದರೂ ಹೇಳಬೇಕಾ?"

"ಇಲ್ಲ ಮೇಡಂ. ಆ ಕಾಯಿನ ಇನ್ನೊಂದು ತಿಂಗ್ಳು ಅಟ್ಟದ ಮೇಲೇ ಬುಡಬೇಕಿತ್ತು. ಮುಂಚೇನೆ ಇಳಿಸ್ದೆ ಅಂತ ಸಿಟ್ಟು, ಅಷ್ಟೇ."

೪. ಎಮ್ಮೆ

ಹತ್ತು ದಿನಕ್ಕೆ ಸಭೆಯ ನಡವಳಿಯ ಕರಡು ಬಂತು. ಅದರ ಒಂದು ಸಾಲು ಹೀಗಿತ್ತು: "ಆಹ್ವಾನಿತರಾದ ಮೂವತ್ತೊಂದು ಬೆಳೆಗಾರರೂ ಹಾಜರಿದ್ದರು. ಯಾರೂ ಆಕ್ಷೇಪ ವ್ಯಕ್ತಪಡಿಸಲಿಲ್ಲ. ಉಂಡೆ ಕೊಬ್ಬರಿಯನ್ನು ಮುಟ್ಟಬಾರದ ಪಟ್ಟಿಯಿಂದ ತೆಗೆಯಬಹುದು." ತಿದ್ದುಪಡಿ ಇದ್ದರೆ ಏಳು ದಿನದೊಳಗೆ ತಿಳಿಸಬೇಕಿತ್ತು.

ಫೋನ್ ಮಾಡಿದೆವು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ಮೂರು ಸಲ ಕೇಳಿದೆ," ಎಂದರು ಅಧಿಕಾರಿ. "ಯಾರೂ ತುಟಿ ಬಿಚ್ಚಲಿಲ್ಲ."

"ಅದನ್ನೇ ಹೇಳ್ತಿರೋದು ಮೇಡಂ. ಮೂರು ಸಲಾನೂ ಬ್ಯಾಡ ಅಂದ್ವಲ್ಲ!"

"ಮಾತುಕತೆಯ ಕೋಣೆಯಲ್ಲಿ ಹಾಗಲ್ಲ ಯಜಮಾನರೇ. ಕರಡು ಕಳಿಸುತ್ತಾರೆ, ಗಡುವು ಕೊಡುತ್ತಾರೆ. ಅಷ್ಟರೊಳಗೆ ಯಾವ ದೇಶವೂ ಬಾಯಿ ಬಿಡದಿದ್ದರೆ ಎಲ್ಲರೂ ಒಪ್ಪಿದರು ಎಂದೇ ಅರ್ಥ."

"ಅದ್ಯಾವ ನ್ಯಾಯ ಮೇಡಂ? ಹಂಗಾದ್ರೆ ನಮ್ಮನೆ ಎಮ್ಮೆ ನಾನು ಹೇಳಿದ್ದಕ್ಕೆಲ್ಲ ಒಪ್ಪಿದಂಗಾಯ್ತಲ್ಲ!"

ಅವರಿಗೂ ನಗು ಬಂದಿರಬೇಕು. ಆದರೂ ಕಾನೂನು ಬಿಡಲಿಲ್ಲ. "ನಿಮ್ಮ ಎಮ್ಮೆ ಹಾಜರಾತಿ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇರುವವರು ಬರೆದು ಕೊಡಲಿ. ಏಳೆಂಟು ಮಂದಿ ಕೊಟ್ಟರೆ ಉಳಿದವರು ಒಪ್ಪಿದ್ದಾರೆ ಎಂದೇ ಮೇಲಿನವರು ಓದುತ್ತಾರೆ. ನೋಡಿ, ಏನು ಮಾಡುತ್ತೀರೋ."

ಫೋನ್ ಇಟ್ಟ ಮೇಲೆ ಅಧ್ಯಕ್ಷರು ಮೂವತ್ತೊಂದು ಹೆಸರಿನ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಜೀವ ಇರೋದನ್ನೇ ಪಟ್ಟಿಯಿಂದ ಬುಟ್ಟುಬುಟ್ವಲ್ರೀ."

೫. ಹನ್ನೊಂದನೆಯವರು

ಇಪ್ಪತ್ತನಾಲ್ಕು ಸತ್ತವರಿಂದ ಆಕ್ಷೇಪಣೆ ಬರೆಸುವ ದಾರಿ ನನಗೆ ತೋಚಲಿಲ್ಲ. ಅಧ್ಯಕ್ಷರಿಗೆ ಒಂದು ದಾರಿ ತೋಚಿದಂತಿತ್ತು. ಮೇಜಿನ ಮೇಲಿನ ಇಂಕ್ ಪ್ಯಾಡನ್ನು ಒಮ್ಮೆ ನೋಡಿದರು. ನಾನು ಅದನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿದೆ.

ಇದ್ದದ್ದನ್ನು ಇದ್ದಂತೆ ಬರೆದೆ. ಯಾರು ಯಾರು ತೀರಿಕೊಂಡಿದ್ದಾರೆ, ಹೆಸರು ಹೇಗೆ ಸೇರಿತು, ನಮ್ಮಲ್ಲಿ ಸುಮ್ಮನಿರುವುದಕ್ಕೆ ಏನರ್ಥ, ಎಲ್ಲ ಬರೆದು ಏಳು ಮಂದಿಯ ಆಕ್ಷೇಪಣೆ ಜೊತೆಗಿಟ್ಟು ಕಳಿಸಿದೆ. ನಮ್ಮ ಸಂಘದ ಮಾನ ಹೋಗುತ್ತದೆ, ಪಟ್ಟಿಯೇ ಸುಳ್ಳೆಂದು ಕಸದ ಬುಟ್ಟಿಗೆ ಹಾಕುತ್ತಾರೆ ಎಂದು ಅಧ್ಯಕ್ಷರು ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಗಡುವಿನ ಕೊನೆಯ ದಿನ ಬೆಳಿಗ್ಗೆ ಅಧಿಕಾರಿಯೇ ಫೋನ್ ಮಾಡಿದರು.

"ನಿಮ್ಮ ಪತ್ರ ಓದಿದೆ. ಅದರಲ್ಲಿ ಒಂದು ತಪ್ಪಿದೆ. ಹನ್ನೊಂದನೆಯವರು ಬದುಕಿದ್ದಾರೆ."

ಸ್ಪೀಕರ್ ಹಾಕಿ ಫೋನನ್ನು ಅಧ್ಯಕ್ಷರ ಮುಂದಿಟ್ಟೆ. ಹನ್ನೊಂದನೆಯ ಹೆಸರು ಅವರ ತಂದೆಯದು.

"ಅವತ್ತು ಸಭೆ ಮುಗಿಸಿ ಕಾರು ಹತ್ತುವಾಗ ಅಡ್ಡ ಬಂದರು. ಬರಿಮೈ, ಹೆಗಲ ಮೇಲೆ ಟವೆಲು. ನನ್ನ ಕಿವಿಯ ಹತ್ತಿರ ಒಂದು ಕಾಯಿ ಹಿಡಿದು ಅಲ್ಲಾಡಿಸಿದರು. ನಿಮ್ಮ ಹೆಸರೇನು ಅಂದೆ. ಮುಷ್ಟಿಯಲ್ಲಿದ್ದ ಕುರ್ಚಿಯ ಚೀಟಿ ತೋರಿಸಿದರು. ಏನು ಹೇಳಬೇಕು ಅಂದರೆ ಮಾತಿಲ್ಲ. ನನ್ನ ಫೈಲಿನ ಮೇಲೆ ಬೆರಳಿಟ್ಟು ಒತ್ತಿ ಹೊರಟುಹೋದರು. ಆಗ ಅರ್ಥ ಆಗಿರಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಆಯಿತು. ಉಂಡೆ ಕೊಬ್ಬರಿ ಎಂದು ಬರೆದಿರುವ ಸಾಲಿನ ಪಕ್ಕದಲ್ಲೇ ಇದೆ ಗುರುತು. ಖುದ್ದಾಗಿ ಹೇಳಿದ ಆಕ್ಷೇಪ ಎಂದು ದಾಖಲಿಸಿದ್ದೇನೆ. ನಿಮ್ಮ ಏಳೂ ಸೇರಿ ಎಂಟು. ಉಳಿದವರು ಸತ್ತವರು. ಸತ್ತವರು ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಮೇಲಿನವರೂ ಓದಲಾರರು. ಕೊಬ್ಬರಿ ಪಟ್ಟಿಯಲ್ಲೇ ಇರುತ್ತದೆ."

ಆ ಪುಟದ ಫೋಟೋ ವಾಟ್ಸಾಪಿನಲ್ಲಿ ಬಂತು. ಅಂಚಿನಲ್ಲಿ ನೇರಳೆ ಹೆಬ್ಬೆಟ್ಟು.

ನಾನು ಸಂತೋಷಪಡಬೇಕೆಂದಿದ್ದೆ. ಅಧ್ಯಕ್ಷರು ಕುರ್ಚಿಯಲ್ಲಿ ಕುಸಿದು ಕೂತಿದ್ದರು.

"ಆ ಕಾಗದ ಯಾವುದು ಗೊತ್ತೇನ್ರೀ? ತಂಗಿಗೆ ತೋಟದಲ್ಲಿ ಪಾಲಿಲ್ಲ ಅಂತ ಅಪ್ಪನೇ ಬರೆಸಿಟ್ಟಂಗೆ ಮಾಡಿದ ಕಾಗದ. ಸುಮ್ನೆ ಒತ್ತಿಸ್ಕಳ್ಳಲಿಲ್ಲ. ಕೇಳ್ದೆ. 'ಅಪ್ಪಾ, ಅವಳಿಗೆ ಪಾಲು ಬ್ಯಾಡ ಅಲ್ವಾ?' ಅಂತ ಬಾಯ್ಬುಟ್ಟು ಕೇಳ್ದೆ. ಸುಮ್ಮನಿದ್ರು. ಒಪ್ಪವ್ರೆ ಅಂದ್ಕಂಡೆ."

"ಕೇಳಿದಾಗ ಅವರಿಗೆ ಜೀವ ಇತ್ತೇ?"

"ಎಲ್ಲಿತ್ತು? ಹೋಗಿ ಒಂದು ಗಂಟೆ ಆಗಿತ್ತು. ಅದಕ್ಕೇ ಅಲ್ವೇನ್ರೀ ಆಗ ಕೇಳಿದ್ದು!"

ಮಾರನೆಯ ದಿನ ಅವರು ಆ ಕಾಗದ ಹಿಡಿದು ತಂಗಿಯನ್ನು ಕೊಟ್ಟಿರುವ ಹಂದನಕೆರೆಗೆ ಹೋದರು. ಅವಳ ಎದುರಿಗೇ ಹರಿದು ಒಲೆಗೆ ಹಾಕಿದರಂತೆ. ಬಾವಿಯ ಪಕ್ಕದ ನಾಲ್ಕು ಸಾಲು ಮರ ಅವಳ ಪಾಲಿಗೆ. ಆಮೇಲೆ ತೋಟಕ್ಕೆ ಬಂದು, ಒದ್ದೆ ಬಟ್ಟೆ ಮಾಡಿಕೊಂಡು, ಚಪ್ಪಡಿ ಕಲ್ಲಿನ ಮೇಲೂ ಮೂಡಿದ್ದ ಅದೇ ನೇರಳೆ ಕಲೆಯನ್ನು ಉಜ್ಜಿ ತೆಗೆದರಂತೆ.

ಒಪ್ಪಂದದ ಮಾತುಕತೆ ಇನ್ನೂ ನಡೆಯುತ್ತಿದೆ. ನಮ್ಮ ಕೊಬ್ಬರಿಯ ತಂಟೆಗೆ ಇಲ್ಲಿಯವರೆಗೆ ಯಾರೂ ಬಂದಿಲ್ಲ. ಅಧಿಕಾರಿಗೆ ಒಂದು ಕೃತಜ್ಞತೆಯ ಪತ್ರ ಟೈಪು ಮಾಡಿ, ಸಹಿಗೆಂದು ಅಧ್ಯಕ್ಷರ ಮುಂದಿಟ್ಟೆ. ಅವರು ಹೆಗಲ ಟವೆಲಿನೊಳಗಿಂದ ಕೈ ತೆಗೆದು ಪೆನ್ನು ಹಿಡಿದರು. ಕಾಗದದ ಮೂಲೆಯಲ್ಲಿ ನೇರಳೆ ಗುರುತು ಬಿತ್ತು.

"ಕಲ್ಲನ್ನು ಒರೆಸಿ ಬಂದೆ ಎಂದಿರಲ್ಲ?"

"ಒರೆಸ್ದೆ. ಅಲ್ಲಿಂದ ಹೋಯ್ತು." ಅವರು ಹೆಬ್ಬೆರಳನ್ನು ನನಗೆ ತೋರಿಸಿ ಮತ್ತೆ ಟವೆಲಿನೊಳಗೆ ಮುಚ್ಚಿಕೊಂಡರು. "ಎಂಟು ದಿನದಿಂದ ಸೋಪು, ಸೀಮೆಎಣ್ಣೆ ಎಲ್ಲಾ ಆಯ್ತು. ನಮ್ಮಪ್ಪ ಯಾವತ್ತೂ ಏನನ್ನೂ ಪುಕ್ಕಟೆ ಬಿಟ್ಕೊಟ್ಟೋರಲ್ಲ ಕಣ್ರೀ."